ಜೇಬಿನಲ್ಲಿದ್ದ ಫ್ಯೂಸು

ನಮ್ಮ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಮೆಷಿನ್ಸ್ ಲ್ಯಾಬಿನ ಸರ್ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹಡಗು ಸಿಂಗಾಪುರ ಬಿಟ್ಟು ಎರಡು ದಿನಗಳಾದ ಮೇಲೆ. ಇಂಜಿನ್ ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ನನ್ನ ಕೈ ತಾನಾಗಿಯೇ ಬಾಯ್ಲರ್ ಸೂಟಿನ ಜೇಬಿಗೆ ಹೋಯಿತು. ಪಂಪೊಂದರ ಕರೆಂಟು ಕಡಿಯುವ ಬ್ರೇಕರಿಗೆ ಹಾಕಿದ್ದ ಬೀಗದ ಕೀಲಿ ಅಲ್ಲಿತ್ತು. ಆ ಅಭ್ಯಾಸ ಕಲಿಸಿದವರು ಅವರೇ.

ಎರಡನೆಯ ವರ್ಷದ ಪಠ್ಯದಲ್ಲಿ ಏನೇನಿತ್ತೆಂಬುದು ಈಗ ನೆನಪಿಲ್ಲ. ಸ್ಲಿಪ್ ರಿಂಗ್ ಮೋಟರಿನ ಪ್ರಯೋಗವಿದ್ದ ಆ ಮಧ್ಯಾಹ್ನ ಮಾತ್ರ ಚೆನ್ನಾಗಿ ನೆನಪಿದೆ. ರೆಕಾರ್ಡ್ ಬರೆದಿರದ ನಾವು ಮೂವರು, ಲ್ಯಾಬ್ ರದ್ದಾಗಲೆಂದು ಮೇನ್ ಬೋರ್ಡಿನ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳನ್ನು ಕಿತ್ತು ಊಟದ ಚೀಲದಲ್ಲಿ ಅಡಗಿಸಿದೆವು. ದೋಷ ಎಲ್ಲಿದೆಯೆಂದು ನೋಡಲು ಸರ್ ಮೋಟರಿನ ಟರ್ಮಿನಲ್ ಬಾಕ್ಸ್ ಬಿಚ್ಚಿ ಕೈ ಹಾಕಿದ್ದ ಹೊತ್ತಿಗೇ, ಹೆದರಿದ ಗೆಳೆಯನೊಬ್ಬ ಓಡಿಹೋಗಿ ಫ್ಯೂಸುಗಳನ್ನು ಮರಳಿ ಸಿಕ್ಕಿಸಿಬಿಟ್ಟ. ಲ್ಯಾಬಿನ ದೀಪಗಳೆಲ್ಲ ಹತ್ತಿಕೊಂಡವು. ನನ್ನ ಎದೆ ಧಸಕ್ಕೆಂದಿತು. ಸರ್ ಮಾತ್ರ ಕೈ ತೆಗೆಯದೆ ಹಾಗೆಯೇ ನಿಂತಿದ್ದರು. ಮೋಟರಿನ ಪಕ್ಕದ ಸ್ವಿಚ್ಚನ್ನು ಆರಿಸಿ, ಅದರ ಫ್ಯೂಸನ್ನು ಮೊದಲೇ ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು. "ದೀಪ ಆರಿದ್ದನ್ನು ನಾನು ನಂಬುವುದಿಲ್ಲ ಮಾರಾಯ, ಇದನ್ನು ನಂಬುವುದು" ಎಂದು ಅದನ್ನು ತೆಗೆದು ತೋರಿಸಿದರು. ಪ್ರಿನ್ಸಿಪಾಲರಿಗೆ ದೂರು ಹೋಗಲಿಲ್ಲ. ಆ ಸೆಮಿಸ್ಟರ್ ಮುಗಿಯುವವರೆಗೆ ಪ್ರತಿ ಪ್ರಯೋಗಕ್ಕೂ ಮೊದಲು ನಾನೇ ಟೆಸ್ಟ್ ಲ್ಯಾಂಪ್ ಹಿಡಿಯಬೇಕಾಯಿತು: ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ, ಆಮೇಲೆ ಮೋಟರಿನಲ್ಲಿ, ಮತ್ತೆ ಅದೇ ಸಾಕೆಟ್ಟಿನಲ್ಲಿ. "ಹೋಗಿರುವುದು ಕರೆಂಟೋ ಬಲ್ಬೋ, ಖಾತ್ರಿ ಮಾಡಿಕೋ" ಎನ್ನುತ್ತಿದ್ದರು.

ನಾನು ಹಡಗು ಹತ್ತಿದ ಕಾಲದಲ್ಲಿ ಇಲೆಕ್ಟ್ರಿಷಿಯನ್ನರಿಗೆ ಅಂತರರಾಷ್ಟ್ರೀಯ ಮಟ್ಟದ ಅರ್ಹತಾ ಪ್ರಮಾಣಪತ್ರವೇ ಇರಲಿಲ್ಲ. ನಾವಿಕರ ತರಬೇತಿಯ ಎಸ್‌ಟಿಸಿಡಬ್ಲ್ಯು ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ತಂದ ತಿದ್ದುಪಡಿಗಳು 2012ರ ಜನವರಿ 1ರಿಂದ ಜಾರಿಗೆ ಬಂದಾಗ, ಹಡಗಿನ ವಿದ್ಯುತ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಎಂಬ ಹುದ್ದೆಗೆ ಮೊದಲ ಸಲ ನಿಯಮ ರೂಪುಗೊಂಡಿತು. ಹತ್ತು ವರ್ಷಕ್ಕೂ ಹೆಚ್ಚು ದುಡಿದಿದ್ದ ನಾನು ಮುಂಬೈಯಲ್ಲಿ ಮೌಖಿಕ ಪರೀಕ್ಷೆಗೆ ಕುಳಿತೆ. 6,600 ವೋಲ್ಟಿನ ಮೋಟರೊಂದನ್ನು ಬಿಚ್ಚುವ ಮೊದಲು ಏನು ಮಾಡುತ್ತೀರಿ ಎಂದು ಪರೀಕ್ಷಕರು ಕೇಳಿದರು. ಪರ್ಮಿಟ್ ಪಡೆಯುವುದು, ಬ್ರೇಕರ್ ತೆಗೆದು ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸುವುದು, ಎಚ್ಚರಿಕೆಯ ಫಲಕ ತೂಗುಹಾಕುವುದು, ಟೆಸ್ಟರನ್ನೇ ಪರೀಕ್ಷಿಸಿಕೊಂಡು ಕರೆಂಟಿಲ್ಲವೆಂದು ಖಾತ್ರಿಮಾಡಿ ಅರ್ತ್ ಮಾಡುವುದು, ಇಷ್ಟನ್ನೂ ತಡವರಿಸದೆ ಹೇಳಿದೆ. ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾದೆನೆಂದು ಹೇಳಿಕೊಳ್ಳಲು ನನಗೆ ಇಂದಿಗೂ ಹೆಮ್ಮೆ.

ಇಂದಿನ ಹುಡುಗರಿಗೆ ದಾರಿ ಸ್ಪಷ್ಟವಾಗಿದೆ. ಡಿಪ್ಲೊಮಾ ಅಥವಾ ಪದವಿಯ ನಂತರ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಮಾನ್ಯ ಮಾಡಿದ ನಾಲ್ಕು ತಿಂಗಳ ಕೋರ್ಸ್. ಜೀವರಕ್ಷಣೆ, ಬೆಂಕಿ ನಂದಿಸುವಿಕೆ, ಪ್ರಥಮ ಚಿಕಿತ್ಸೆಯ ಕಿರು ತರಬೇತಿಗಳು. ವರ್ಕ್‌ಶಾಪ್ ಮತ್ತು ಸಮುದ್ರಸೇವೆ ಸೇರಿ ಕನಿಷ್ಠ 12 ತಿಂಗಳು, ಅದರಲ್ಲಿ 6 ತಿಂಗಳಾದರೂ ಹಡಗಿನ ಮೇಲೆ. ಆದರೂ ಎಲ್ಲ ಪ್ರಮಾಣಪತ್ರಗಳನ್ನು ಹಿಡಿದು ಬಂದ ತರಬೇತಿಯವನೊಬ್ಬ, ತಂತಿಯ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿಯಲು ಹಿಂಜರಿದದ್ದನ್ನು ಕಂಡು ನನಗೆ ನೋವಾಗಿದೆ. ಹಡಗಿನ 440 ವೋಲ್ಟಿನ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ಲನ್ನು ಹಡಗಿನ ಒಡಲಿಗೆ ಜೋಡಿಸಿ ಅರ್ತ್ ಮಾಡಿರುವುದಿಲ್ಲ. ಹಾಗಾಗಿ ತಂತಿಯೊಂದು ಒಡಲಿಗೆ ತಾಗಿದರೂ ಬ್ರೇಕರ್ ಬೀಳದು, ಇಂಥ ದೋಷ ತೋರಿಸಲೆಂದೇ ಬೋರ್ಡಿನಲ್ಲಿರುವ ಮೂರು ದೀಪಗಳಲ್ಲಿ ಒಂದು ಮಂಕಾಗುತ್ತದೆ, ಅಷ್ಟೆ. ಆಮೇಲೆ ಒಂದೊಂದೇ ಲೈನ್ ಆರಿಸುತ್ತ ದೋಷವನ್ನು ಹುಡುಕಬೇಕು. ಇದು ಕೈಗೆ ಕಲಿಸಬೇಕಾದ ವಿದ್ಯೆ. ಕಳೆದ ಸಲ ಕಾಲೇಜಿಗೆ ಬಂದಾಗ ನಮ್ಮ ಲ್ಯಾಬಿನಲ್ಲಿ ಮಕ್ಕಳು ಪರದೆಯ ಮೇಲೆ ಪ್ರಯೋಗ ನೋಡುತ್ತಿದ್ದರು. ಸ್ಲಿಪ್ ರಿಂಗ್ ಮೋಟರಿನ ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು.

ಹಡಗಿಗೆ ಹೋಗಬಯಸುವ ಅಂತಿಮ ವರ್ಷದವರು ಶುಲ್ಕ ಕಟ್ಟುವ ಮೊದಲೇ ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಲಿ. ಹಣ ಕಟ್ಟಿದ ಮೇಲೆ ಅದರಲ್ಲಿ ಅನರ್ಹನಾದ ನಮ್ಮೂರಿನ ಹುಡುಗನೊಬ್ಬನನ್ನು ಬಲ್ಲೆ. ಮುಂದಿನ ರಜೆಯಲ್ಲಿ ನನ್ನ ಮೆಗ್ಗರನ್ನು ತಂದು ಅವರೊಡನೆ ಒಂದು ವಾರ ಲ್ಯಾಬಿನಲ್ಲಿ ಕಳೆಯುವ ಆಸೆಯಿದೆ. ಅಲ್ಲಿಯವರೆಗೆ ಸರ್ ಕೈಯಾಡಿಸಿದ ಆ ಮೋಟರನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.