ಎರಡು ಬ್ರೆಡ್ಡುಗಳ ನಡುವಿನ ನಾಲ್ಕು ಮಿಲಿಮೀಟರ್

ಈ ವಾರವಿಡೀ ಕಣ್ಣಿಗೆ ಕಟ್ಟಿದ್ದು ಎರಡು ಬ್ರೆಡ್ಡುಗಳು. ಒಂದು ಎರಡು ಕೈಯಲ್ಲಿ ಎತ್ತಿ ಹಿಡಿಯುವಷ್ಟು ದೊಡ್ಡದು, ಇನ್ನೊಂದು ಅಂಗೈಯೊಳಗೆ ಕೂರುವಂಥದ್ದು. ದೊಡ್ಡದು ಮುಕ್ತ ವ್ಯಾಪಾರದ್ದು, ಚಿಕ್ಕದು ಸುಂಕ ಬಿದ್ದ ಮೇಲಿನದು. 1906ರ ಬ್ರಿಟಿಷ್ ಚುನಾವಣೆಯಲ್ಲಿ ಲಿಬರಲ್ ಪಕ್ಷದವರು ಇದೇ ಚಿತ್ರವನ್ನು ಹತ್ತಾರು ಬಗೆಯಲ್ಲಿ ಬರೆಸಿ ಗೋಡೆಗಳಿಗೆ ಹಚ್ಚಿದರು. ಅಕ್ಷರ ಬಾರದವನಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ನೋಡಿದಷ್ಟೂ ಮನಸ್ಸಿಗೆ ಕಸಿವಿಸಿಯಾಗುವುದೂ ಅದಕ್ಕೇ.

ಲೆಕ್ಕ ಹಾಕಿ ನೋಡಿ. ಲಿಬರಲ್ಲರ ಎದುರು ಪಾಳಯದ ನಾಯಕ ಜೋಸೆಫ್ ಚೇಂಬರ್ಲೇನ್ 1903ರ ಅಕ್ಟೋಬರಿನಲ್ಲಿ ಗ್ಲಾಸ್ಗೋದಲ್ಲಿ ಮುಂದಿಟ್ಟದ್ದು ಪರದೇಶದ ಧಾನ್ಯಕ್ಕೆ ಕ್ವಾರ್ಟರಿಗೆ 2 ಶಿಲ್ಲಿಂಗ್ ಸುಂಕ. ಒಂದು ಕ್ವಾರ್ಟರ್ ಗೋಧಿ ಅಂದರೆ 480 ಪೌಂಡ್ ತೂಕ. ಬೀಸಿ, ನಾದಿ, ಬೇಯಿಸಿದರೆ ಅಷ್ಟರಿಂದ 4 ಪೌಂಡಿನ ಬ್ರೆಡ್ಡು ನೂರಕ್ಕಿಂತ ಹೆಚ್ಚೇ ಆಗುತ್ತವೆ. 2 ಶಿಲ್ಲಿಂಗ್ ಅಂದರೆ 24 ಪೆನ್ನಿ, ಅದನ್ನು ಅಷ್ಟಕ್ಕೂ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಕಾಲು ಪೆನ್ನಿಗೂ ಕಡಿಮೆ. ಐದಾರು ಪೆನ್ನಿಯ ಬ್ರೆಡ್ಡನ್ನು ಅದೇ ಬೆಲೆಗೆ ಮಾರಬೇಕಾದರೆ ತೂಕದಲ್ಲಿ ಕಡಿತವಾಗುವುದು ಸುಮಾರು ನೂರಕ್ಕೆ ನಾಲ್ಕು, ಅಂದರೆ 70 ಗ್ರಾಂ ಆಸುಪಾಸು. ಅದು ಉದ್ದ, ಅಗಲ, ಎತ್ತರ ಮೂರಕ್ಕೂ ಹಂಚಿಹೋಗುತ್ತದೆ. ಪೋಸ್ಟರಿನಲ್ಲಿ ದೊಡ್ಡ ಬ್ರೆಡ್ಡು ಒಂದಡಿ ಉದ್ದವಿದ್ದರೆ ಚಿಕ್ಕದು ಅದಕ್ಕಿಂತ ಗಿಡ್ಡವಿರಬೇಕಾದದ್ದು ಸುಮಾರು 4 ಮಿಲಿಮೀಟರ್. ಉದ್ದಗಲ ಎತ್ತರ ಮೂರನ್ನೂ ಅರ್ಧಕ್ಕೆ ಇಳಿಸಿ ಬರೆದರೆ ಬ್ರೆಡ್ಡು ಎಂಟನೇ ಒಂದು ಪಾಲಿಗೆ ಕುಗ್ಗುತ್ತದೆ!

ಚೇಂಬರ್ಲೇನ್ ಮೇಲೆ ನನಗೆ ಯಾವ ಮಮತೆಯೂ ಇಲ್ಲ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕಾಲದಲ್ಲಿ ವಸಾಹತು ಮಂತ್ರಿಯಾಗಿದ್ದವನು ಆತ. ಆದರೆ ಈ ಒಂದು ವಿಷಯದಲ್ಲಿ ಆತ ಹೇಳಿದ್ದು ಸರಿ. 1903ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಬಿಂಗ್ಲಿ ಹಾಲ್ ಸಭೆಯಲ್ಲಿ ಸುಂಕವಿಲ್ಲದ್ದೊಂದು, ಸುಂಕ ಸೇರಿದ್ದೊಂದು ಎಂದು ಎರಡು ಬ್ರೆಡ್ಡು ತರಿಸಿ, ವ್ಯತ್ಯಾಸ ಕಾಣುತ್ತದೆಯೇ ಎಂದು ಜನರನ್ನೇ ಕೇಳಿದ. ಕಣ್ಣಿಗೆ ಕಾಣುವಂಥದ್ದೇನೂ ಇರಲಿಲ್ಲ. ಹಾಗಿದ್ದೂ ಸೋತದ್ದು ಆತನ ವಾದವೇ. ಜನ ನೋಡಿದ್ದು ಆ ಸುಂಕವನ್ನಲ್ಲ. ಪರದೇಶದ ಧಾನ್ಯಕ್ಕೆ ಸುಂಕ ಹೇರಿ 1846ರಲ್ಲಿ ರದ್ದಾದ ಧಾನ್ಯ ಕಾಯ್ದೆಗಳ ಕಾಲದ ಹಸಿವನ್ನು. ಮನೆಯ ಅಜ್ಜ ಅಜ್ಜಿ ಹೇಳಿದ್ದ ಹಸಿವು ಅದು. ಇವತ್ತು ಎರಡು ಶಿಲ್ಲಿಂಗ್, ನಾಳೆ ಎಷ್ಟೋ ಎಂಬ ಭಯ ಸುಳ್ಳಾಗಿರಲಿಲ್ಲ. ಬ್ರೆಡ್ಡಿನ ಅಳತೆ ಮಾತ್ರ ಸುಳ್ಳು.

ಇಂಥ ಪೋಸ್ಟರು ಕಲ್ಲಚ್ಚಿನ ಕೆಲಸ. ಬವೇರಿಯಾದ ಸೋಲ್ನ್‌ಹೋಫನ್ ಕಡೆಯ ಸುಣ್ಣಕಲ್ಲಿನ ಚಪ್ಪಡಿ ಇದಕ್ಕೆ ಹೆಸರಾದದ್ದು. ಅದನ್ನು ನಯವಾಗಿ ಉಜ್ಜಿ, ಜಿಡ್ಡಿನ ಬಳಪದಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕು. ಮೇಲೆ ತುಸು ನೈಟ್ರಿಕ್ ಆಮ್ಲ ಬೆರೆಸಿದ ಗೋಂದು ಸವರಬೇಕು. ಆಮೇಲೆ ನೀರು ಹಾಯಿಸಿ ಶಾಯಿಯ ರೋಲರ್ ಆಡಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಬಣ್ಣಕ್ಕೊಂದು ಕಲ್ಲು. ತೇವಕ್ಕೆ ಕಾಗದ ಒಂದೆಳೆ ಹಿಗ್ಗಿದರೂ ಒಂದು ಬಣ್ಣ ಇನ್ನೊಂದರ ಅಂಚು ದಾಟಿ ಕೂರುತ್ತದೆ. ಬಳಪದ ಒಂದು ದಪ್ಪ ಗೆರೆ ಸಾಕು, ಆ 4 ಮಿಲಿಮೀಟರ್ ಅದರೊಳಗೇ ಮುಚ್ಚಿಹೋಗುತ್ತದೆ.

ಹಾಳೆಯ ಮೂಲ ಅಳತೆ 20 ಇಂಚಿಗೆ 30 ಇಂಚು. ಅಂಥ ಹದಿನಾರು ಹಾಳೆಯಷ್ಟು ಜಾಗ ಸೇರಿದರೆ 10 ಅಡಿ ಎತ್ತರ, 6 ಅಡಿ 8 ಇಂಚು ಅಗಲದ ಜಾಹೀರಾತು. ಹಚ್ಚುವವನ ಕೈಯಲ್ಲಿ ಹಿಟ್ಟಿನ ಅಂಟಿನ ಬಕೆಟ್, ಉದ್ದ ಹಿಡಿಯ ಬ್ರಷ್, ಏಣಿ. ಅಂಟು ನೀರಾದರೆ ಅಂಚು ಏಳುತ್ತದೆ, ಗಟ್ಟಿಯಾದರೆ ಕಾಗದ ಸುಕ್ಕುಗಟ್ಟುತ್ತದೆ. ನೆನೆದ ಹಾಳೆ ಒಣಗುತ್ತಾ ಕುಗ್ಗುವುದರಿಂದ ಪಕ್ಕದ ಹಾಳೆಯ ಮೇಲೆ ತುಸು ಏರಿಸದಿದ್ದರೆ ನಡುವೆ ಬಿರುಕು ಕಾಣುತ್ತದೆ. 1906ರ ಮತದಾನ ಜನವರಿ 12ರಿಂದ ಫೆಬ್ರವರಿ 8ರವರೆಗೆ, ನಡುಚಳಿಗಾಲದಲ್ಲಿ, ಬೇರೆ ಬೇರೆ ಕ್ಷೇತ್ರಗಳಲ್ಲಿ ಬೇರೆ ಬೇರೆ ದಿನ ನಡೆಯಿತು. ಕನ್ಸರ್ವೇಟಿವ್ ನಾಯಕ ಬಾಲ್ಫರ್ ಎರಡನೇ ದಿನವೇ ಮ್ಯಾಂಚೆಸ್ಟರಿನಲ್ಲಿ ಸೋತ. ಲಿಬರಲ್ಲರು ಸುಮಾರು 400 ಸ್ಥಾನ ಗೆದ್ದರು.

ಅದೇ ಚುನಾವಣೆಯ ಇನ್ನೊಂದು ಪೋಸ್ಟರ್ ಸಾಲು ನೋಡಿದರೆ ಬ್ರೆಡ್ಡಿನ ಸುಳ್ಳು ಸಣ್ಣದೆನಿಸುತ್ತದೆ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ 1904ರಿಂದ ಕರೆತಂದ ಚೀನೀ ಕೂಲಿಗಳು 50 ಸಾವಿರಕ್ಕೂ ಹೆಚ್ಚು. ಅವರನ್ನು ಗುಲಾಮರಂತೆ ದುಡಿಸುತ್ತಿದ್ದಾರೆ ಎಂಬ ದೂರಿನ ಜೊತೆಗೆ ಜಡೆ ಬಿಟ್ಟ ಮುಖಗಳು ಗೋಡೆಗೆ ಬಂದವು. ಆ ಚಿತ್ರಗಳು ಮತದಾರರಲ್ಲಿ ಕೆರಳಿಸಿದ್ದು ಚೀನೀಯರ ಮೇಲಿನ ದ್ವೇಷವನ್ನು ಎಂದು ರಾಜಕೀಯ ಚಿಂತಕ ಗ್ರಹಾಂ ವಾಲಸ್ ಎರಡು ವರ್ಷದ ಮೇಲೆ ಬರೆದರು. ಚಿತ್ರ ಬರೆದವರಿಗೆ ಅದು ಗೊತ್ತಾಗಲಿಲ್ಲ ಎಂದರೆ ನನಗಂತೂ ನಂಬಿಕೆ ಬರುವುದಿಲ್ಲ.

ಪೋಸ್ಟರಿನ ಮೇಲೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕೆಂದು ಬ್ರಿಟನ್ನಿನ 1883ರ ಚುನಾವಣಾ ಕಾಯ್ದೆ ಹೇಳಿತ್ತು. ತಪ್ಪಿದರೆ 100 ಪೌಂಡಿನವರೆಗೆ ದಂಡ. ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮೂ ಇದನ್ನೇ ಕೇಳುತ್ತದೆ. ನಮ್ಮೂರ ಗೋಡೆಯ ಪೋಸ್ಟರಿನ ಬುಡದಲ್ಲೂ ಆ ಪುಟ್ಟ ಸಾಲು ಇರಬೇಕು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಗ್ರಂಥಾಲಯದಲ್ಲಿ ಆ ಕಾಲದ ಪೋಸ್ಟರುಗಳ ಸಂಗ್ರಹವಿದೆ. ಗೋಡೆಗೆ ಹಚ್ಚಿದ್ದು ಮಳೆಗೆ ಕರಗುತ್ತದೆ, ಇಲ್ಲವೇ ಎದುರು ಪಕ್ಷದ ಹಾಳೆಯಡಿ ಮುಚ್ಚಿಹೋಗುತ್ತದೆ. ಇವತ್ತಿಗೆ ಉಳಿಯುವುದು ಅಂಟು ಸೋಕದೆ ಮಡಿಚಿಟ್ಟವು.