ಮಾವಿನ ಸೀಸನ್‌ಗೆ ಮುಂಚೆ ಒಂದು ಎಂಜಿನ್ ಕೆಲಸ

ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಸಾಕು, ಹಸಿ ಸೌದೆ ಒಲೆಯ ಹಾಗೆ ಹೊಗೆ ಪುಸುಪುಸು ಅಂತ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಮೂರು ನಾಲ್ಕು ಸಲ ಸೆಲ್ಫ್ ಹೊಡೆಯಬೇಕು. ಲೋಡ್ ಹಾಕಿಕೊಂಡು ಏರು ಹತ್ತಿದರೆ ಹಿಂದೆ ನೀಲಿ ಹೊಗೆ. ನಮ್ಮದು 2009ರ ಬೊಲೆರೊ ಪಿಕಪ್. ಮೀಟರ್ ಮೂರು ಲಕ್ಷ ದಾಟಿತ್ತು.

ಅದು ಫೆಬ್ರವರಿ ಕೊನೆ. ಶ್ರೀನಿವಾಸಪುರದ ಕಡೆ ಮೇ ತಿಂಗಳು ಬಂತು ಅಂದರೆ ಮಾವಿನ ಮಂಡಿಗಳು ಶುರುವಾಗುತ್ತವೆ. ಆ ಎರಡು ಮೂರು ತಿಂಗಳ ಬಾಡಿಗೆಯ ಮೇಲೆ ನಮ್ಮ ಮನೆ ಅರ್ಧ ವರ್ಷ ನಡೆಯುತ್ತದೆ. ಅಮ್ಮ ಸಂಘದಲ್ಲಿ ಸಾಲ ಎತ್ತಿದರು. ಅಣ್ಣ ಕೈಯಲ್ಲಿದ್ದದ್ದನ್ನೂ ಸೇರಿಸಿದ. ಒಟ್ಟು 55,000 ರೂಪಾಯಿ. "ಇದರ ಮೇಲೆ ಒಂದು ರೂಪಾಯಿ ಇಲ್ಲ ಕಣೋ" ಅಂದ. ಸಾಮಾನು ಆರಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು.

ಗುಜರಿಯಿಂದ ಇನ್ನೊಂದು ಗಾಡಿಯ ಎಂಜಿನ್ ತಂದು ಕೂರಿಸಿಬಿಡಿ ಅಂತ ಹೇಳಿದವರೂ ಇದ್ದರು. 40,000ಕ್ಕೆ ಸಿಗುತ್ತಿತ್ತು. ಆದರೆ ಅದು ಯಾರ ಗಾಡಿಯದು, ಎಷ್ಟು ಓಡಿದೆ, ಒಳಗೆ ಹೇಗಿದೆ, ಯಾರಿಗೂ ಗೊತ್ತಿಲ್ಲ. ಮೇಲಾಗಿ ಎಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಬರೆಸಬೇಕು. ಬೇಡ ಅಂದುಕೊಂಡೆವು.

ಉಳಿದದ್ದು ನಮ್ಮ ಎಂಜಿನ್ನನ್ನೇ ಬಿಚ್ಚುವುದು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಎಂಜಿನ್ ಇಳಿಸುವ ಮೊದಲೇ, ಹೇಗೂ ಬೇಕಾಗುತ್ತೆ ಅಲ್ವಾ ಅಂತ, ಹತ್ತಿರದ ಪೇಟೆಯ ಒಂದು ಅಂಗಡಿಯಲ್ಲಿ ಬೇರಿಂಗ್ ಸೆಟ್ ತಂದುಬಿಟ್ಟೆ. ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಆಸರೆಯಾಗುವ ಲೋಹದ ಚಿಪ್ಪುಗಳು ಇವು. ಡಿಸ್ಕೌಂಟ್ ಇತ್ತು. ಮೇಸ್ತ್ರಿ ಡಬ್ಬಿ ಬಿಚ್ಚಿ, ಬೇರಿಂಗಿನ ಬೆನ್ನು ತಿರುಗಿಸಿ ತೋರಿಸಿದರು. ಎಸ್‌ಟಿಡಿ ಅಂತ ಒತ್ತಿತ್ತು. ಸ್ಟ್ಯಾಂಡರ್ಡ್ ಸೈಜ್. "ಕ್ರ್ಯಾಂಕ್ ಅಳತೆ ನೋಡದೆ ಯಾಕೆ ತಂದೆ ತಮ್ಮಾ?" ಅಂದರು. ಎಂಜಿನ್ ಇಳಿಸಿ ಕ್ರ್ಯಾಂಕ್ ಈಚೆ ತೆಗೆದಾಗ ಅವರು ನನ್ನ ಕೈ ಹಿಡಿದು ಅದರ ಜರ್ನಲ್ ಮೇಲೆ, ಅಂದರೆ ಬೇರಿಂಗ್ ಕೂರುವ ನುಣುಪು ಭಾಗದ ಮೇಲೆ, ಉಗುರು ಎಳೆಸಿದರು. ಉಗುರು ಗೀರಿಗೆ ಸಿಕ್ಕಿಕೊಂಡಿತು. ಹಳೆ ಬೇರಿಂಗಿನಲ್ಲಿ ಮೇಲಿನ ಬೂದುಬಣ್ಣದ ಪದರ ಸವೆದು, ಒಳಗಿನ ತಾಮ್ರದ ಬಣ್ಣ ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. ಕ್ರ್ಯಾಂಕ್ ಗ್ರೈಂಡ್ ಮಾಡಿಸಲೇಬೇಕು. ಅದರ ದಪ್ಪ 0.25 ಮಿಲಿಮೀಟರ್ ಇಳಿಸಿದರೆ ಬೇರಿಂಗೂ ಅದಕ್ಕೆ ಹೊಂದುವ 0.25 ಅಂಡರ್‌ಸೈಜಿನದೇ ಬೇಕು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. 1,850 ರೂಪಾಯಿ ಹೋಯಿತು. ಸಂಘದ ದುಡ್ಡು ಅದು. ಆವತ್ತು ರಾತ್ರಿ ಊಟ ಸೇರಲಿಲ್ಲ ನನಗೆ.

ಮಾರನೇ ದಿನ ಬ್ಲಾಕು, ಹೆಡ್ಡು, ಕ್ರ್ಯಾಂಕು ಮೂರನ್ನೂ ಸಿಲಿಂಡರ್ ಕೊರೆದು ಅಳತೆ ಸರಿಮಾಡುವ ಬೋರಿಂಗ್ ಅಂಗಡಿಗೆ ಹಾಕಿಕೊಂಡು ಹೋದೆವು. ಇದು 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್. ಬೋರ್ (ಸಿಲಿಂಡರಿನ ಒಳ ಅಗಲ) 88.9 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 101.6. ಅಂದರೆ ಮೂರೂವರೆ ಇಂಚು, ನಾಲ್ಕು ಇಂಚು. ಅಲ್ಲಿನವರು ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಂತ ನಾಲ್ಕೂ ಸಿಲಿಂಡರ್ ನೋಡಿದರು. ಕೆಳಗೆ ಸವೆತ ಕಮ್ಮಿ. ಮೇಲ್ಗಡೆ, ಪಿಸ್ಟನ್ನಿನ ಸುತ್ತ ಕೂರುವ ಮೊದಲನೇ ರಿಂಗ್ ಹೋಗಿ ನಿಲ್ಲುವ ಜಾಗದಲ್ಲಿ ಜಾಸ್ತಿ. ಬೆರಳಿಟ್ಟರೆ ಅಲ್ಲೊಂದು ಮೆಟ್ಟಿಲು ಸಿಗುತ್ತಿತ್ತು.

ಅಷ್ಟು ಹೊತ್ತಿಗೆ ಅಣ್ಣನ ತಲೆಯಲ್ಲಿ ಬರೀ ರಿಂಗ್ ಬದಲಿಸುವ ಯೋಚನೆ ಇತ್ತು. ಡ್ರೈವರ್‌ಗಳು ಹೇಳಿದ್ದರು, ರಿಂಗ್ ಹಾಕಿದರೆ ಒಂದು ಸೀಸನ್ ನಡೆಯುತ್ತೆ ಅಂತ. ನನಗೂ ಆಸೆ ಆಗಿತ್ತು, ಎಂಟು ಸಾವಿರ ಉಳಿಯುತ್ತಿತ್ತು. ಆದರೆ ಮೇಲೆ ಅಗಲ, ಕೆಳಗೆ ಬಿಗಿ ಇರುವ ಬೋರಿನಲ್ಲಿ ಹೊಸ ರಿಂಗ್ ಪ್ರತಿ ಸಲ ಮೇಲೆ ಹೋದಾಗ ಅರಳಬೇಕು, ಕೆಳಗೆ ಬಂದಾಗ ಮುದುರಬೇಕು. ಒಂದು ನಿಮಿಷಕ್ಕೆ ಎರಡು ಸಾವಿರ ಸುತ್ತು ಅಂದರೆ ಎಷ್ಟು ದಿನ ತಡೆದೀತು? ಆ ಮೆಟ್ಟಿಲಿಗೆ ಹೊಸ ರಿಂಗ್ ಬಡಿದು ಮುರಿಯಲೂಬಹುದು. ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ), ಪಿಸ್ಟನ್, ರಿಂಗ್ ಸೇರಿದ ಪೂರ್ತಿ ಕಿಟ್ಟೇ ಹಾಕೋಣ ಅಂತ ಅಲ್ಲೇ ನಿಂತು ತೀರ್ಮಾನ ಮಾಡಿದೆವು.

ಹಾಗಾದರೆ ಉಳಿತಾಯ ಎಲ್ಲಿ ಮಾಡುವುದು? ಮೇಸ್ತ್ರಿ ಹೇಳಿದ ಒಂದು ಮಾತು ನನಗೆ ದಾರಿ ತೋರಿಸಿತು. "ಎಂಜಿನ್ ಮತ್ತೆ ಇಳಿಸದೆ ಬದಲಿಸೋಕೆ ಆಗಲ್ಲ ಅನ್ನೋ ಸಾಮಾನಿಗೆ ದುಡ್ಡು ಹಾಕು. ರೋಡಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರೋದನ್ನ ಆಮೇಲೆ ನೋಡೋಣ." ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಬರೆದೆ. ಒಳಗಿನದು: ಕಿಟ್, ಬೇರಿಂಗ್, ಆಯಿಲ್ ಪಂಪ್, ಫುಲ್ ಪ್ಯಾಕಿಂಗ್ (ಗ್ಯಾಸ್ಕೆಟ್) ಸೆಟ್, ಹಿಂದಿನ ಆಯಿಲ್ ಸೀಲ್. ಗೇರ್‌ಬಾಕ್ಸ್ ಹೇಗೂ ಇಳಿದಿತ್ತು, ಹಾಗಾಗಿ ಕ್ಲಚ್ ಪ್ಲೇಟೂ ಇದರಲ್ಲೇ ಬಂತು. ಹೊರಗಿನದು: ಸೆಲ್ಫ್ ಮೋಟಾರ್, ಆಲ್ಟರ್ನೇಟರ್, ರೇಡಿಯೇಟರ್, ಮೌಂಟಿಂಗ್ ರಬ್ಬರ್. ಈ ಎರಡನೇ ಪಟ್ಟಿಯಲ್ಲಿ ತೀರಾ ಕೆಟ್ಟಿದ್ದನ್ನು ಬಿಟ್ಟು ಬೇರೇನೂ ಮುಟ್ಟಬಾರದು. ಆಯಿಲ್ ಪಂಪ್ ವಿಷಯದಲ್ಲಿ ಅಣ್ಣ ತಕರಾರು ತೆಗೆದ, ನಡೀತಿದೆಯಲ್ಲ ಅಂತ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣುಕುತ್ತಿದ್ದದ್ದನ್ನು ನೆನಪಿಸಿದೆ. ಹೊಸ ಬೇರಿಂಗಿಗೆ ಹಳೆ ಪಂಪಿನ ಪ್ರೆಶರ್ ಸಾಲದಿದ್ದರೆ ಕ್ರ್ಯಾಂಕ್ ಮತ್ತೆ ಹೋಗುತ್ತೆ. ಒಪ್ಪಿದ.

ಮೊದಲನೇ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ಕಲಾಸಿಪಾಳ್ಯದಲ್ಲಿ ಇಳಿದರೆ ಜೆ.ಸಿ. ರಸ್ತೆ ಪಕ್ಕದಲ್ಲೇ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ನಡೆಯುತ್ತಾ ಹೋದರೆ ಸುತ್ತಮುತ್ತ ಗಾಡಿ ಸಾಮಾನಿನ ಅಂಗಡಿಗಳೇ. ಈ ಸಲ ಜೇಬಿನಲ್ಲಿ ಬೋರಿಂಗ್ ಅಂಗಡಿಯವರು ಬರೆದುಕೊಟ್ಟ ಅಳತೆಯ ಚೀಟಿ ಇತ್ತು, ಕೈಚೀಲದಲ್ಲಿ ಒಂದು ಹಳೆ ಬೇರಿಂಗ್ ಇತ್ತು. ನಾಲ್ಕು ಅಂಗಡಿ ಸುತ್ತಿದೆ. ಒಂದೇ ಕಿಟ್ಟಿಗೆ ಗಾಡಿ ಕಂಪನಿಯ ಡಬ್ಬಿಯಲ್ಲಿ ಒಂದು ಬೆಲೆ, ಪಿಸ್ಟನ್ ತಯಾರಕರ ಡಬ್ಬಿಯಲ್ಲಿ ಅದಕ್ಕಿಂತ ಕಮ್ಮಿ, ಹೆಸರೇ ಕೇಳದ ಡಬ್ಬಿಯಲ್ಲಿ ಅರ್ಧ. ಗಾಡಿ ಕಂಪನಿಗಳಿಗೆ ಸಾಮಾನು ಕೊಡುವವರೇ ತಮ್ಮ ಹೆಸರಿನಲ್ಲೂ ಹೊರಗೆ ಮಾರುವುದುಂಟು. ನಾನು ನಡುವಿನದನ್ನು ಹಿಡಿದೆ. ರಿಂಗ್ ಗೋಯೆಟ್ಸೆ, ನಮ್ಮ ಯಲಹಂಕದಲ್ಲೂ ಅವರ ಕಾರ್ಖಾನೆ ಇದೆ. ಬೇರಿಂಗ್ ಕೊಯಮತ್ತೂರಿನ ಬೈಮೆಟಲ್. ಡಬ್ಬಿ ಅಲ್ಲೇ ಬಿಚ್ಚಿಸಿ ಪ್ರತಿ ಬೇರಿಂಗಿನ ಬೆನ್ನಿನಲ್ಲೂ 0.25 ಅಂತ ಓದಿದೆ. ಅಂಗಡಿಯ ಹುಡುಗನಿಗೆ ಬೇಜಾರಾಯಿತೇನೋ, ಆದರೂ ಒಂದೊಂದನ್ನೂ ಒರೆಸಿ ತೋರಿಸಿದ.

ಇನ್ನೊಂದು ಅಂಗಡಿಯಲ್ಲಿ ಪ್ಯಾಕಿಂಗ್ ಸೆಟ್ ತುಂಬಾ ಕಮ್ಮಿಗೆ ಕೊಟ್ಟರು. ಕವರಿನ ಮೇಲಿನ ಅಕ್ಷರ ಮಸುಕಾಗಿತ್ತು, ಹೆಡ್ ಗ್ಯಾಸ್ಕೆಟ್ಟಿನ ಅಂಚು ಸಮ ಇರಲಿಲ್ಲ. ಬಿಲ್ ಕೊಡಿ ಅಂದೆ, ಬಿಲ್ ಬೇಕಾದರೆ ಬೇರೆ ರೇಟು ಅಂದರು. ಅಲ್ಲಿಂದ ಎದ್ದು ಬಂದೆ.

ಸಿಲಿಂಡರಿನೊಳಗೆ ಡೀಸೆಲ್ ಸಿಡಿಸುವ ನಾಝಲ್‌ಗೆ ನಮ್ಮ ಕಡೆ ಡ್ರೈವರ್‌ಗಳು ಇವತ್ತಿಗೂ ಮೈಕೋ ಅಂತಲೇ ಕೇಳುತ್ತಾರೆ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಆ ಕಂಪನಿಗೆ 2008ರಿಂದ ಬಾಷ್ ಅಂತ ಹೆಸರು. ಹೆಸರು ಬದಲಾದರೂ ಜನರ ಬಾಯಲ್ಲಿ ಬದಲಾಗಿಲ್ಲ. ಪಂಪ್ ಕೆಲಸದವರ ಹತ್ತಿರ ಹಳೆ ನಾಝಲ್ ನಾಲ್ಕನ್ನೂ ಟೆಸ್ಟರಿಗೆ ಹಾಕಿಸಿದ್ದೆ. ಎರಡು ಮಂಜಿನ ಹಾಗೆ ಸಿಡಿಸುತ್ತಿದ್ದವು, ಎರಡು ತೊಟ್ಟಿಕ್ಕುತ್ತಿದ್ದವು. ತೊಟ್ಟಿಕ್ಕುವ ನಾಝಲ್ ಹೊಸ ಪಿಸ್ಟನ್ನಿನ ತಲೆ ಸುಡಬಹುದು. ಎರಡೇ ತರೋಣ ಅಂತ ಹೋದವನು ನಾಲ್ಕೂ ತಂದೆ.

ಎಂಜಿನ್ ಕಟ್ಟುವ ದಿನ ನಾನು ಮೇಸ್ತ್ರಿ ಪಕ್ಕದಿಂದ ಅಲ್ಲಾಡಲಿಲ್ಲ. ಪ್ರತಿ ರಿಂಗನ್ನೂ ಮೊದಲು ಬೋರಿಗೆ ಇಳಿಸಿ, ಪಿಸ್ಟನ್ನಿನಿಂದ ಸಮವಾಗಿ ಒತ್ತಿ, ಬಾಯಿಯ ಸಂದಿಗೆ, ಸಂದಿ ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸುತ್ತಿದ್ದರು. ಬೋರಿನ ಒಂದು ಇಂಚಿಗೆ ನಾಲ್ಕು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಅಂತ ಅವರ ಲೆಕ್ಕ, ಮೂರೂವರೆ ಇಂಚಿಗೆ ಹದಿನಾಲ್ಕು. ಅಂದರೆ 0.35 ಮಿಲಿಮೀಟರ್ ಸುಮಾರು. ಮೂರನೇ ಸಿಲಿಂಡರಿನ ಮೇಲಿನ ರಿಂಗಿಗೆ ಆ ಎಲೆ ಹೋಗಲಿಲ್ಲ. ಬಿಸಿಗೆ ರಿಂಗ್ ಹಿಗ್ಗಿ ಎರಡು ತುದಿ ಒಂದಕ್ಕೊಂದು ಒತ್ತಿಕೊಂಡರೆ ಹೊಸ ಬೋರ್ ಗೀರಿಹೋಗುತ್ತೆ. ಸಣ್ಣ ಅರ ತೆಗೆದುಕೊಂಡು ತುದಿಯನ್ನು ಎರಡು ಸಲ ಉಜ್ಜುವುದು, ಮತ್ತೆ ಬೋರಿಗೆ ಇಳಿಸುವುದು, ಮತ್ತೆ ನೋಡುವುದು. ಐದನೇ ಸಲಕ್ಕೆ ಎಲೆ ಮೆತ್ತಗೆ ಜಾರಿ ಹೋಯಿತು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿದರು.

ಎಲ್ಲ ಸೇರಿ 54,600 ಆಯಿತು. ಸ್ಟಾರ್ಟ್ ಮಾಡುವ ಮುಂಚೆ ಡೀಸೆಲ್ ನಿಲ್ಲಿಸಿ, ಆಯಿಲ್ ಲೈಟ್ ಆರುವವರೆಗೆ ಬರೀ ಸೆಲ್ಫ್ ಹೊಡೆಸಿದರು. ಆಮೇಲೆ ಡೀಸೆಲ್ ಕೊಟ್ಟು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹತ್ತಿಕೊಂಡಿತು. ಅಣ್ಣ ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಏನೂ ಮಾತಾಡಲಿಲ್ಲ, ನನ್ನ ಕೈ ಎಳೆದು ಅಲ್ಲಿ ಇಟ್ಟ.

ಮೊದಲ 500 ಕಿಲೋಮೀಟರ್ ಲೋಡ್ ಹಾಕದೆ, ಜಾಸ್ತಿ ಎಳೆಯದೆ ಓಡಿಸಿ ಆಯಿಲ್, ಫಿಲ್ಟರ್ ಬದಲಿಸಿದೆವು. ಟ್ಯಾಪೆಟ್ (ವಾಲ್ವ್‌ಗಳ ಸಂದಿ) ಮತ್ತೆ ನೋಡಿಸಿದೆವು. ಮೇ ಎರಡನೇ ವಾರ ಮಂಡಿಯಿಂದ ಮೊದಲನೇ ಲೋಡ್ ಮಾವು ಬೆಂಗಳೂರಿಗೆ ಹೋಯಿತು. ಸೆಲ್ಫ್ ಮೋಟಾರ್ ಇನ್ನೂ ಹಳೆಯದೇ ಇದೆ, ಒಂದೊಂದು ಸಲ ಕಟಕಟ ಅನ್ನುತ್ತೆ. ಸೀಸನ್ ಮುಗಿಯಲಿ, ನೋಡೋಣ ಅಂದಿದ್ದಾನೆ ಅಣ್ಣ.