ಇನ್ನೂ ಇಪ್ಪತ್ತು

ಮಂಗಳವಾರದ ಆ 10 ರೂಪಾಯಿ ನಾಣ್ಯ ಇನ್ನೂ ನಮ್ಮನೆ ಫ್ರಿಜ್ ಮೇಲೇ ಇದೆ. ಖರ್ಚು ಮಾಡೋಕೆ ಮನಸ್ಸು ಬರುತ್ತಿಲ್ಲ.

ನನ್ನ ಮಗನಿಗೆ ಆಟಿಸಂ. ಮೀಸೆ ಬಂದಿದೆ, ನನಗಿಂತ ಎತ್ತರ. ಮೂರು ತಿಂಗಳಿಂದ ಒಂದೇ ಪಾಠ: ಗಾಂಧಿ ಬಜಾರಿನಲ್ಲಿ ಒಬ್ಬನೇ ಹೋಗಿ ಒಂದು ಕಟ್ಟು ಕೊತ್ತಂಬರಿ ತರುವುದು. ಅದನ್ನ ಟೀಚರ್ ಐದು ಚಿತ್ರ ಮಾಡಿ ಕೊಟ್ಟಿದ್ದಾರೆ. ಸೊಪ್ಪು ಕೇಳು, ನೋಟು ಕೊಡು, ಕೈ ಚಾಚು, ಚಿಲ್ಲರೆ ಎಣಿಸು, ಜೇಬಿಗೆ ಹಾಕು. ಮೊದಲು ನಾನು ಪಕ್ಕದಲ್ಲೇ ನಿಲ್ಲುತ್ತಿದ್ದೆ, ಆಮೇಲೆ ಹತ್ತು ಹೆಜ್ಜೆ ದೂರ, ಮಂಗಳವಾರ ಮೊದಲ ಸಲ ಅವನಿಗೆ ಕಾಣದ ಹಾಗೆ ಒಂದು ಆಟೋ ಹಿಂದೆ, ಕಳ್ಳಿ ಥರ.

ಮಾಮೂಲಿ ಸೊಪ್ಪಿನವರು ಇರಲಿಲ್ಲ, ಯಾರೋ ಅಜ್ಜಿ ಕೂತಿದ್ದರು. ಇವನು ಐವತ್ತರ ನೋಟು ಕೊಟ್ಟ. ಅಜ್ಜಿ ಮುಖ ನೋಡಿದರು, ನೋಟನ್ನ ಅವನ ಜೇಬಿಗೇ ತುರುಕಿ, "ಹೋಗ್ಲಿ ಬಿಡು ಕಂದ, ನಿನ್ನತ್ರ ಏನು ದುಡ್ಡು, ಹಂಗೇ ತಗೊಂಡ್ಹೋಗು" ಅಂದರು. ಒಳ್ಳೇ ಮನಸ್ಸೇ. ಆದರೆ ಆ ಐದು ಚಿತ್ರದಲ್ಲಿ ಇದು ಎಲ್ಲೂ ಇಲ್ಲ!

ಅವನು ಕೈ ಚಾಚಿಕೊಂಡೇ ನಿಂತ. "ಚಿಲ್ಲರೆ ಕೊಡಿ." ಮತ್ತೆ, "ಚಿಲ್ಲರೆ ಕೊಡಿ." ಹೂವಿನ ಪೊಟ್ಟಣ ಹಿಡಿದು ಬಂದ ಒಬ್ಬರು ಆ ಅಂಗೈ ನೋಡಿದರು, 10 ರೂಪಾಯಿ ಹಾಕಿ ಹೋಗೇಬಿಟ್ಟರು. ಇವನು ನಾಣ್ಯ ತಿರುಗಿಸಿ ನೋಡಿದ.

"ಹತ್ತು. ಇನ್ನೂ ಇಪ್ಪತ್ತು."

ಐವತ್ತು ಕೊಟ್ಟರೆ ಮೂವತ್ತು ವಾಪಸ್ ಬರಬೇಕು. ಲೆಕ್ಕ ಸರಿ ಇದೆ, ಅದೇ ಸಂಕಟ. ಪಾತ್ರೆ ತೊಳೆಯುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಕೇಳುತ್ತದೆ. ಇನ್ನೂ ಇಪ್ಪತ್ತು.

ಬರುವ ತಿಂಗಳು ಅವನಿಗೆ 18. ಕಾನೂನಿನಲ್ಲಿ ದೊಡ್ಡವನು. ಆಮೇಲೂ ನಾನೇ ಪೋಷಕಿ ಅನ್ನಿಸಿಕೊಳ್ಳಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರುವ ಸಮಿತಿಗೆ ಅರ್ಜಿ ಹಾಕಬೇಕು, ಹೆತ್ತಿದ್ದೇನೆ ಅನ್ನುವುದು ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ, ಪೋಷಕರಾದವರು ಅವರನ್ನ ಜೊತೆಗಿಟ್ಟುಕೊಂಡೇ ತೀರ್ಮಾನ ಮಾಡಬೇಕು ಅನ್ನುತ್ತದೆ. ಓದೋಕೆ ಚೆನ್ನಾಗಿದೆ. ಬೀದಿಯಲ್ಲಿ ಅವನ ನೋಟನ್ನೇ ಯಾರೂ ತಗೊಳ್ಳುತ್ತಿಲ್ಲವಲ್ಲ, ಅವನ ತೀರ್ಮಾನ ಯಾರು ಕೇಳುತ್ತಾರೆ?

ನಮ್ಮ ಅತ್ತಿಗೆ, "ಸೊಪ್ಪು ನೀನೇ ತರಬಹುದಲ್ವಾ, ಅವನಿಗ್ಯಾಕೆ ಹಿಂಸೆ" ಅಂದರು. ಅವರ ಮಗನಿಗೆ 24, ಇವತ್ತಿಗೂ ಉಂಡ ತಟ್ಟೆ ಎತ್ತಿಡಲ್ಲ. ಅವನಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ, ಅಷ್ಟೇ.

ಬುಧವಾರ ನಾನೇ ಹೋಗಿ ಅಜ್ಜಿ ಹತ್ತಿರ ಹೇಳಿದೆ, "ದುಡ್ಡು ತಗೊಳ್ಳಿ ಅಜ್ಜಿ, ಎಲ್ಲರ ಹತ್ರ ತಗೊಳ್ಳೋ ಹಾಗೆ." ಏನೂ ಅನ್ನಲಿಲ್ಲ, ಸುಮ್ನೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು.

ಗುರುವಾರ ಮತ್ತೆ ಆಟೋ ಹಿಂದೆ ನಿಂತೆ. ಅಜ್ಜಿ ನೋಟು ತಗೊಂಡರು, ಸೊಂಟದ ಚೀಲ ಬಿಚ್ಚಿ 25 ಕೊಟ್ಟರು. ಅವನು ಎಣಿಸಿದ. "ಇನ್ನೂ ಐದು."

"ಇವತ್ತು ರೇಟು ಜಾಸ್ತಿ ಕಣಪ್ಪ, ಬೇಡ ಅಂದ್ರೆ ಸೊಪ್ಪು ಇಟ್ಟು ಹೋಗು!"

"ಇನ್ನೂ ಐದು."

"ಬೆಳಬೆಳಗ್ಗೆ ಒಳ್ಳೇ ಗಿರಾಕಿ ಸಿಕ್ದೆ ನೀನು" ಅಂತ ಬೈಯುತ್ತಲೇ ಅಜ್ಜಿ ಮತ್ತೆ ಚೀಲಕ್ಕೆ ಕೈ ಹಾಕಿದರು.